ಘಟ್ಟ ಇಳಿಯುವುದನ್ನು ಕಲಿತದ್ದು

ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಮೊದಲ ಸಲ ಓಡಿದ ಮರುದಿನ ನಮ್ಮನೆ ಮೆತ್ತಿಯಿಂದ, ಅಂದರೆ ಮಹಡಿಯಿಂದ, ಕೆಳಗೆ ಬರಲು ನನಗೆ ಆಗಲಿಲ್ಲ. ಹತ್ತುವುದು ಹೇಗೋ ಆಯಿತು. ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿ, ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲು ಇಳಿದೆ. ಮೂರನೇ ದಿನವೂ ತೊಡೆ ಮುಟ್ಟಿದರೆ ನೋವು. ಓಡಿದ ದಿನ ನಾನು ಏರು ಹತ್ತಿರಲೇ ಇಲ್ಲ. ದೇವಿಮನೆ ದೇವಸ್ಥಾನದ ಹತ್ತಿರ ಮನೆಯವರು ಬೈಕಿನಲ್ಲಿ ಬಿಟ್ಟಿದ್ದರು. ಅಲ್ಲಿಂದ ಕತಗಾಲ ದಿಕ್ಕಿಗೆ 8 ಕಿ.ಮೀ. ಬರೀ ಇಳಿಜಾರು. ಉಸಿರು ಕೂಡ ಕಟ್ಟಲಿಲ್ಲ. ಎಷ್ಟು ಸುಲಭ ಅಂತ ಖುಷಿಯಲ್ಲೇ ಓಡಿದ್ದೆ.

ಓಡಲು ಶುರು ಮಾಡಿ ಆರು ವರ್ಷ ಆಯಿತು. ಈಗ ನನಗೆ 43. ಮನೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಸ್ವಲ್ಪ ಒಳಗೆ, ಅಡಿಕೆ ತೋಟದ ತಲೆಯ ಮೇಲೆ. ಮೊದಲ ಎರಡು ವರ್ಷ ಡಾಂಬರು ರಸ್ತೆ ಬಿಟ್ಟು ಬೇರೆ ಕಡೆ ಕಾಲಿಟ್ಟಿರಲಿಲ್ಲ. ಆಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕಾಲುದಾರಿ, ಘಟ್ಟದ ದಾರಿ, ಕಡಲ ದಂಡೆ ಎಲ್ಲ ಸೇರಿಕೊಂಡವು. ಕಾಡುದಾರಿ ಓಟಕ್ಕೆ ಏರು ಹತ್ತುವ ಅಭ್ಯಾಸ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಘಟ್ಟದ ಮೇಲೆ ಮನೆ, ಘಟ್ಟದ ಕೆಳಗೆ ಕಡಲು ಇರುವ ನಮ್ಮಂಥವರು ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು.

ಇಳಿಯುವಾಗ ಏನಾಗುತ್ತದೆ ಅಂತ ನನಗೆ ಆಮೇಲೆ ಅರ್ಥವಾಯಿತು. ಏರು ಹತ್ತುವಾಗ ತೊಡೆಯ ಮುಂದಿನ ಸ್ನಾಯು ಚಿಕ್ಕದಾಗುತ್ತಾ ನಮ್ಮನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಹಾಕಬೇಕು. ಒಂದು ಕಡೆ ಬಿಗಿ ಹಿಡಿಯಬೇಕು, ಇನ್ನೊಂದು ಕಡೆ ಉದ್ದಕ್ಕೆ ಜಗ್ಗಿಸಿಕೊಳ್ಳಬೇಕು. ಹಾಗೆ ಜಗ್ಗುವಾಗ ಒಳಗಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ನೋವು ಆಗಲೇ ಕಾಣಿಸುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಉಸಿರಿಗೆ ಕಷ್ಟವಿಲ್ಲದ್ದರಿಂದ ನಮಗೆ ಸುಳಿವೂ ಸಿಗುವುದಿಲ್ಲ. ಒಂದು ಒಳ್ಳೆಯ ವಿಷಯವೂ ಇದೆ. ಒಮ್ಮೆ ಇಂಥ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ನನ್ನ ಅಭ್ಯಾಸ ಪೂರ್ತಿ ನಿಂತಿರುವುದು ಇದೊಂದರ ಮೇಲೆ.

ಹೆಜ್ಜೆ ಹೇಳಿಕೊಟ್ಟವರು ನಮ್ಮ ಮಾವ. ಅವರು ಹುಡುಗರಾಗಿದ್ದಾಗ ದೊಡ್ಡವರ ಜೊತೆ ತಲೆಹೊರೆ ಹೊತ್ತು ಕಾಲುದಾರಿಯಲ್ಲಿ ಘಟ್ಟ ಇಳಿದವರು. ನಾನು ಮೆತ್ತಿಯಿಂದ ಇಳಿಯುವುದನ್ನು ನೋಡಿ ಅವರಿಗೆ ಕಾರಣ ತಿಳಿದುಹೋಯಿತು. "ಇಳಿವಾಗ ಹೆಜ್ಜೆ ಸಣ್ಣ ಹಾಕವು ತಂಗಿ. ಉದ್ದ ಹಾಕಿರೆ ಮೊಳಕಾಲು ಹೋಗ್ತು" ಅಂದರು. ಅಂಗಳದ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ನಡೆದೂ ತೋರಿಸಿದರು. ಮಂಡಿ ಸ್ವಲ್ಪ ಬಗ್ಗಿತ್ತು. ಪಾದ ಮೈಗಿಂತ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ, ಸೊಂಟದ ಕೆಳಗೇ ಬೀಳುತ್ತಿತ್ತು. ನಾನು ಮಾಡಿದ್ದು ಪೂರ್ತಿ ಉಲ್ಟಾ. ಹಿಂದಕ್ಕೆ ವಾಲಿಕೊಂಡು, ಕಾಲು ಮುಂದೆ ಚಾಚಿ, ಹಿಮ್ಮಡಿ ಕುಟ್ಟಿಕೊಂಡು 8 ಕಿ.ಮೀ. ಇಳಿದಿದ್ದೆ.

ಅಲ್ಲಿಂದ ವಾರಕ್ಕೆ ಒಂದೇ ಒಂದು ದಿನ ಇಳಿಜಾರಿಗೆ ಮೀಸಲಿಟ್ಟೆ. ಮೊದಲ ವಾರ ಒಟ್ಟು 10 ನಿಮಿಷ. ಮನೆ ಹಿಂದಿನ ಬೆಟ್ಟದ ದಾರಿಯನ್ನು ನಡೆದು ಹತ್ತುವುದು, ಓಡಿ ಇಳಿಯುವುದು. ಎರಡು ವಾರಕ್ಕೊಮ್ಮೆ 5 ನಿಮಿಷ ಹೆಚ್ಚು ಮಾಡಿದೆ. ವೇಗ ನೋಡಲಿಲ್ಲ. ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆ ಅಂತ ಮಾತ್ರ ಎಣಿಸಿದೆ. ಮೊದಲು 150ರ ಹತ್ತಿರ ಇತ್ತು. ಈಗ ಇಳಿಯುವಾಗ 175 ದಾಟುತ್ತದೆ. ಕಣ್ಣು ಕಾಲ ಬುಡದಲ್ಲಿ ಇರಬಾರದು, ಮೂರು ನಾಲ್ಕು ಮೀಟರ್ ಮುಂದೆ ಇರಬೇಕು. ಇದು ಮೈಗೂಡಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಜೊತೆಗೆ ದಿನಾ ಸಂಜೆ ಮೆಟ್ಟಿಲಿನ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ಮೆಲ್ಲಗೆ ತಾಗಿಸಿ ಮೇಲೆ ತರುತ್ತೇನೆ. ಒಂದೊಂದು ಕಾಲಿಗೆ 12 ಸಲ, ಮೂರು ಸುತ್ತು. ಇಳಿಯುವ ಕಾಲು ಗಟ್ಟಿಯಾಗಲು ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ. ಹಾಂ, ಅಡಿಕೆ ಕೊಯ್ಲಿನ ಕಾಲದಲ್ಲಿ ಉದ್ದದ ಓಟ ಮುಗಿಸಿ ನೇರ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಮೂರು ಗಂಟೆ ಕೂರಬೇಡಿ. ಏಳುವಾಗ ಸೊಂಟ ಹಿಡಿದುಕೊಂಡು ಬಿಡುತ್ತದೆ.

ಇನ್ನು ಶೂ. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ, ಯಾಕೆಂದರೆ ದುಡ್ಡು ಕಳೆದುಕೊಂಡೇ ಕಲಿತದ್ದು.

ಮೊದಲು ರಸ್ತೆ ಶೂನಲ್ಲೇ ಬೆಟ್ಟಕ್ಕೆ ಹೋದೆ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್‌ನಲ್ಲಿ ಕೆಂಪು ಮಣ್ಣು ಅಡಿಗೆ ಅಂಟಿಕೊಂಡು ಎರಡೂ ಕಾಲು ಒಟ್ಟಿಗೇ ಜಾರಿದವು. ಆಮೇಲೆ ಅಡಿಯಲ್ಲಿ 6 ಮಿ.ಮೀ. ಹಲ್ಲಿರುವ ಶೂ ತರಿಸಿದೆ. ಟ್ರ್ಯಾಕ್ಟರ್ ಟೈರಿನ ಹಾಗೆ ಇತ್ತು. ಮಣ್ಣಿನಲ್ಲಿ ಅದ್ಭುತ. ಆದರೆ ನಮ್ಮ ದಾರಿ ಬರೀ ಮಣ್ಣಲ್ಲವಲ್ಲ. ಮನೆಯಿಂದ ಬೆಟ್ಟದ ಬುಡಕ್ಕೆ 2 ಕಿ.ಮೀ. ಡಾಂಬರು. ಅದರಲ್ಲಿ ಆ ಹಲ್ಲುಗಳ ಮೇಲೆ ಓಡಿದರೆ ಪಾದ ಅಲ್ಲಾಡುತ್ತದೆ, ಹಲ್ಲೂ ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ಹಾವಸೆ (ಪಾಚಿ) ಕಟ್ಟಿದ ಚಿರೆಕಲ್ಲಿನ ಮೇಲೆ ಎಷ್ಟು ಉದ್ದ ಹಲ್ಲಿದ್ದರೂ ಪ್ರಯೋಜನ ಇಲ್ಲ. ಹಲ್ಲು ಹಿಡಿಯಬೇಕಾದರೆ ಅದು ಒಳಗೆ ಇಳಿಯಬೇಕು. ಕಲ್ಲಿನೊಳಗೆ ಎಲ್ಲಿ ಇಳಿಯುತ್ತದೆ? ಕಲ್ಲಿನ ಮೇಲೆ ಹಿಡಿತ ಕೊಡುವುದು ಮೆತ್ತನೆಯ ರಬ್ಬರು, ಮತ್ತು ಆ ರಬ್ಬರು ಎಷ್ಟು ಅಗಲಕ್ಕೆ ಕಲ್ಲಿಗೆ ತಾಗುತ್ತದೆ ಅನ್ನುವುದು. ಈಗ ನಾನು ಹಾಕುವುದು 4 ಮಿ.ಮೀ. ಹಲ್ಲಿನ, ಮೆತ್ತನೆ ರಬ್ಬರಿನ ಶೂ. ಮೆತ್ತನೆ ರಬ್ಬರು ಬೇಗ ಸವೆಯುತ್ತದೆ. ನನ್ನದು 600 ಕಿ.ಮೀ. ಹತ್ತಿರ ಬಂದಾಗ ಹಿಡಿತ ಬಿಡುತ್ತದೆ. ಅದಕ್ಕೆ ತಯಾರಿರಬೇಕು.

ನೀರು ಒಳಗೆ ಬಾರದಂತೆ ಗೋರ್‌ಟೆಕ್ಸ್ ಪದರ ಇರುವ ಶೂ ಮಳೆನಾಡಿಗೆ ಸರಿ ಅಂತ ಅನಿಸುತ್ತದೆ ಅಲ್ವಾ? ನನಗೂ ಅನಿಸಿತ್ತು. ನಮ್ಮ ಮಳೆಯಲ್ಲಿ ನೀರು ಬರುವುದು ಮೇಲಿನಿಂದ, ಕಾಲುಚೀಲ ಹಿಡಿದುಕೊಂಡು. ಹಳ್ಳ ದಾಟಿದರೆ ನೇರ ಶೂ ಬಾಯಿಗೇ. ಒಳಗೆ ಬಂದ ನೀರನ್ನು ಆ ಪದರ ಹೊರಗೆ ಬಿಡುವುದಿಲ್ಲ. ಎರಡು ಚೊಂಬು ಹೊತ್ತುಕೊಂಡು ಓಡಿದ ಹಾಗೆ. ಒಂದು ತಾಸಿನಲ್ಲಿ ಅಂಗಾಲು ಬೆಳ್ಳಗೆ ನೆನೆದು ಬೊಬ್ಬೆ ಎದ್ದಿತು. ತೆಳ್ಳನೆ ಬಲೆಬಟ್ಟೆಯ ಶೂ ಒದ್ದೆಯಾಗುತ್ತದೆ, ಆದರೆ ನೂರು ಹೆಜ್ಜೆಯಲ್ಲಿ ನೀರು ಹೊರಗೆ ಹೋಗುತ್ತದೆ.

ಇನ್ನೊಂದು ಮಾತು ಸೊಪ್ಪಿನ ಬೆಟ್ಟದಲ್ಲಿ ಓಡುವವರಿಗೆ. ಸೊಪ್ಪು ಕಡಿದ ಗಿಡದ ಕೂಳೆ ಗೂಟದ ಹಾಗೆ ನಿಂತಿರುತ್ತದೆ. ಅದರ ಮೇಲೆ ದರಕು (ಒಣಗಿದ ಎಲೆ) ಬಿದ್ದು ಮುಚ್ಚಿಹೋದರೆ ಕಾಣುವುದೇ ಇಲ್ಲ. ಶೂ ಅಡಿಯಲ್ಲಿ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಹಾಳೆ ಇರುವುದನ್ನೇ ತೆಗೆದುಕೊಳ್ಳಿ. ಅದನ್ನು ರಾಕ್ ಪ್ಲೇಟ್ ಅನ್ನುತ್ತಾರೆ. ಒಮ್ಮೆ ನನ್ನ ಪಾದ ಉಳಿಸಿದ್ದು ಅದೇ.

ಅಳತೆ ನೋಡುವುದು ಸಂಜೆ ಹೊತ್ತಿಗೆ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಉದ್ದ ಓಟದಲ್ಲೂ ಊದುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಹೋಗಿ ಮುಂದೆ ಬಡಿದು ಉಗುರು ಕಪ್ಪಾಗುತ್ತದೆ. ನನ್ನ ಎರಡು ಉಗುರು ಹಾಗೇ ಹೋದವು. ಜಾಗ ಇದ್ದರೆ ಮಾತ್ರ ಸಾಲದು, ಹಿಮ್ಮಡಿ ಹಿಂದೆಯೇ ನಿಲ್ಲಬೇಕು. ಶೂ ಬಾಯಿಯ ಹತ್ತಿರ ಕೊನೆಯಲ್ಲಿ ಒಂದು ತೂತು ಸುಮ್ನೆ ಖಾಲಿ ಇರುತ್ತದೆ, ನೋಡಿದ್ದೀರಾ? ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ. ಎರಡೂ ಬದಿ ಆದ ಮೇಲೆ ಈ ಕಡೆಯ ಲೇಸನ್ನು ಆ ಕಡೆಯ ಕುಣಿಕೆಯೊಳಗೆ ತೂರಿಸಿ ಜಗ್ಗಿ ಕಟ್ಟಿ. ಪಾದ ಮುಂದೆ ಜಾರುವುದಿಲ್ಲ. ಇದನ್ನು ಕಲಿತ ಮೇಲೆ ನನಗೆ ಒಂದು ಉಗುರೂ ಕಪ್ಪಾಗಿಲ್ಲ.

ಒದ್ದೆ ಶೂವನ್ನು ಬಚ್ಚಲೊಲೆ ಪಕ್ಕ ಇಡಬೇಡಿ. ಅಂಟು ಬಿಟ್ಟು ಅಡಿ ಕಳಚಿ ಬರುತ್ತದೆ. ಒಳಗಿನ ಹಾಸು ತೆಗೆದು, ಹಳೆ ಪೇಪರು ತುರುಕಿ, ಎರಡು ತಾಸಿಗೊಮ್ಮೆ ಪೇಪರು ಬದಲಿಸಿದರೆ ಬೆಳಗ್ಗೆಗೆ ಹಾಕುವಷ್ಟು ಒಣಗುತ್ತದೆ.

ಉಂಬಳದ (ಕಾಡಿನ ಜಿಗಣೆ) ಬಗ್ಗೆ ಹೊರಗಿನವರು ಜಾಸ್ತಿ ಹೆದರುತ್ತಾರೆ. ಓಡುತ್ತಿರುವ ಕಾಲಿಗೆ ಅವು ಹತ್ತುವುದು ಕಡಿಮೆ. ನಿಂತಾಗಲೇ ಹತ್ತುತ್ತವೆ. ಬೇಲಿಯ ಉಣಗೋಲು ಸರಿಸುವಾಗ, ಹಳ್ಳದ ಕಾಲುಸಂಕದ ಹತ್ತಿರ ಜೊತೆಯವರಿಗೆ ಕಾಯುವಾಗ. ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ, ಮುಟ್ಟಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ರಕ್ತ ತುಂಬಾ ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿದರೆ ಸಾಕು. ಕಾಲುಸಂಕವನ್ನು ಮಾತ್ರ ಮಳೆಯಲ್ಲಿ ಓಡಿ ದಾಟಬೇಡಿ. ಒದ್ದೆ ಅಡಿಕೆ ಮರದ ದಬ್ಬೆಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ.

ನಾನು ನಿಜವಾಗಿ ಹೆದರುವುದು ಉಣುಗಿಗೆ (ಉಣ್ಣೆ). ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಅದರಿಂದ ಜನ ತೀರಿಕೊಂಡಿದ್ದಾರೆ. ಡಿಸೆಂಬರ್‌ನಿಂದ ಮೇ ತನಕ ಒಣ ದರಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗು ಇರುತ್ತವೆ. ಆ ತಿಂಗಳುಗಳಲ್ಲಿ ನಾನು ಸೊಪ್ಪಿನ ಬೆಟ್ಟ ಬಿಟ್ಟು ಡಾಂಬರು ಮತ್ತು ಕಡಲ ದಂಡೆಗೆ ಹೋಗುತ್ತೇನೆ. ಅನಿವಾರ್ಯವಾಗಿ ಕಾಡಿಗೆ ಹೋದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗುವುದು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಕಾಲಿಡುವುದೇ ಇಲ್ಲ. ಓಟ ಎಲ್ಲಿ ಬೇಕಾದರೂ ಆಗುತ್ತದೆ. ಈ ವಿಷಯದಲ್ಲಿ ಧೈರ್ಯ ತೋರಿಸಬೇಡಿ.

ಬೇಸಿಗೆಯಲ್ಲಿ ಅಕ್ಕನ ಮನೆಗೆ ಗೋಕರ್ಣಕ್ಕೆ ಹೋದಾಗ ಕುಡ್ಲೆ, ಓಂ, ಹಾಫ್ ಮೂನ್ ಬೀಚುಗಳ ತನಕ ಓಡುತ್ತೇನೆ. ನೀರು ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಇವತ್ತು ಆರಕ್ಕೆ ಸಿಕ್ಕ ಗಟ್ಟಿ ಮರಳು ನಾಡಿದ್ದು ಆರಕ್ಕೆ ಸಿಗುವುದಿಲ್ಲ. ದಂಡೆ ಕಡಲಿನ ಕಡೆಗೆ ಓರೆ ಇರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಅದೇ ದಂಡೆಯಲ್ಲಿ ವಾಪಸ್ ಓಡಿದರೆ ಎರಡೂ ಕಾಲಿಗೆ ಸಮ ಆಗುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣ್ಣಗಾಗುವುದಿಲ್ಲ. ಶಿರಸಿಯ ವೇಗವನ್ನು ಅಲ್ಲಿ ಹುಡುಕಬೇಡಿ.

ಕುಡಿಯಲು ನನ್ನದು ಮುರುಗಲು (ಕೋಕಂ) ಹಣ್ಣಿನ ಪಾನಕ. ಅರ್ಧ ಲೀಟರಿಗೆ ಎರಡು ದೊಡ್ಡ ಚಮಚ ಜೋನಿಬೆಲ್ಲ, ಎರಡು ಚಿಟಿಕೆ ಉಪ್ಪು. ಒಂದೂವರೆ ತಾಸಿಗಿಂತ ಉದ್ದ ಓಡುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣು, ಮಡಿಸಿಟ್ಟ ನಾಲ್ಕು ತೊಡದೇವು, ಆ ಪಾನಕ ಸೇರಿದರೆ ನನಗೆ ಸಾಕು. ತೊಡದೇವು ಚೀಲದಲ್ಲಿ ಪುಡಿಯಾಗುತ್ತದೆ. ಅಕ್ಕಿಹಿಟ್ಟು, ಕಬ್ಬಿನ ಹಾಲು ಅಷ್ಟೇ ತಾನೇ, ಪುಡಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೆ ಚಿಕ್ಕಮಗಳೂರು ಕಡೆ ಕಾಫಿ ತೋಟದ ನಡುವಿನ 30 ಕಿ.ಮೀ. ಓಟಕ್ಕೆ ಹೆಸರು ಕೊಟ್ಟೆ. ಶುರುವಿನ 4 ಕಿ.ಮೀ. ಇಳಿಜಾರು. ಎಲ್ಲರೂ ಹಾರಿಕೊಂಡು ಹೋದರು. ನನಗೂ ಆಸೆಯಾಯಿತು, ಕಾಲು ತಯಾರಿದೆ ಅಂತ ನಾನೂ ಬಿಟ್ಟೆ. 22ನೇ ಕಿ.ಮೀ.ನಲ್ಲಿ ಅದೇ ಹಳೆಯ ನೋವು, ತೊಡೆ ನಡುಗಲು ಶುರುವಾಯಿತು. ಕೊನೆಯ ಇಳಿಜಾರನ್ನು ನಡೆದೇ ಇಳಿದೆ. 4 ಗಂಟೆ 52 ನಿಮಿಷ. ಮರು ವರ್ಷ ಅದೇ ಓಟಕ್ಕೆ ಹೋದಾಗ ದೊಡ್ಡ ಇಳಿಜಾರಿನ ಅಭ್ಯಾಸವನ್ನು ಮೂರು ವಾರ ಮೊದಲೇ ಮುಗಿಸಿದ್ದೆ. ಆ 4 ಕಿ.ಮೀ. ಮಾವ ಹೇಳಿದ ಸಣ್ಣ ಹೆಜ್ಜೆಯಲ್ಲೇ ಇಳಿದೆ. ನೂರಾರು ಜನ ದಾಟಿ ಹೋದರು, ಹೋಗಲಿ ಅಂತ ಬಿಟ್ಟೆ. 22 ದಾಟಿದ ಮೇಲೆ ಅವರಲ್ಲಿ ಸುಮಾರು ಜನ ದಾರಿ ಬದಿಯಲ್ಲಿ ತೊಡೆ ಒತ್ತಿಕೊಳ್ಳುತ್ತಾ ನಿಂತಿದ್ದರು. ಕೊನೆಯ ಇಳಿಜಾರನ್ನು ಓಡಿಯೇ ಇಳಿದೆ. 4 ಗಂಟೆ 11 ನಿಮಿಷ.

ಮನೆಗೆ ಬಂದು ಮರುದಿನ ಬೆಳಗ್ಗೆ ಮೆತ್ತಿಯಿಂದ ಇಳಿಯುವಾಗ ಮಾವ ಕೆಳಗೆ ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತಾ ಕೂತಿದ್ದರು. ಸಮಯ ಎಷ್ಟು ಅಂತ ಕೇಳಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದರು. ಗೋಡೆ ಮುಟ್ಟದೆ ಕೆಳಗೆ ಬಂದೆ.