ಬೀಡಿ, ಸಿಗರೇಟು ಬಿಡೋಕೆ ಗ್ರಂಧಿಗೆ ಅಂಗಡಿಯಿಂದ ಏನು ಒಯ್ಯಬೇಕು?

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನಮ್ಮದೊಂದು ಗ್ರಂಧಿಗೆ ಅಂಗಡಿ. 'ಬೀಡಿ ಬಿಡಿಸೋ ಬೇರು ಇದೆಯಾ?' ಅಂತ ಕೇಳಿಕೊಂಡು ಜನ ಬರುತ್ತಲೇ ಇರುತ್ತಾರೆ. ಬರುವವರು ಹೆಚ್ಚಾಗಿ ಸೇದುವವರ ಹೆಂಡತಿಯರು. ಅಂಥ ಬೇರು ನನ್ನ ಡಬ್ಬಿಗಳಲ್ಲಿ ಇಲ್ಲ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಅಂತ ಮಾರುವ ಪುಡಿಗಳನ್ನಂತೂ ಮುಟ್ಟಲೇಬೇಡಿ, ಒಳಗೆ ಏನಿರುತ್ತೋ ಯಾರಿಗೆ ಗೊತ್ತು?

ನನ್ನ ಸಾಮಾನು ಮಾಡುವುದು ಒಂದೇ ಕೆಲಸ. ಸೇದಬೇಕು ಅನ್ನುವ ಚಪಲ ಎದ್ದರೆ ಸಾಮಾನ್ಯವಾಗಿ ಐದು, ಹತ್ತು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟು ಹೊತ್ತು ಕೈ, ಬಾಯಿ ಎರಡಕ್ಕೂ ಕೆಲಸ ಬೇಕು.

ಅದಕ್ಕೆ ಜ್ಯೇಷ್ಠಮಧು ಕಡ್ಡಿಯೇ ನನ್ನ ಮೊದಲ ಆಯ್ಕೆ. ಬೀಡಿಯಷ್ಟು ಉದ್ದಕ್ಕೆ ತುಂಡು ಮಾಡಿಸಿಕೊಳ್ಳಿ. ಬೆರಳ ಸಂದಿಯಲ್ಲಿ ಹಿಡಿಯಬಹುದು, ತುದಿ ಅಗಿದರೆ ನಾರು ಬಿಟ್ಟುಕೊಂಡು ಸಿಹಿ ಇಳಿಯುತ್ತದೆ. ದಿನಕ್ಕೆ ಒಂದೆರಡು ತುಂಡು ಸಾಕು. ಜಾಸ್ತಿ ಆದರೆ ಬಿಪಿ ಏರುತ್ತದೆ. ಬಿಪಿ ಇರುವವರಿಗೆ, ಗರ್ಭಿಣಿಯರಿಗೆ ಇದು ಬೇಡವೇ ಬೇಡ, ಹುರಿದ ಸೋಂಪು ಕೊಡುತ್ತೇನೆ. ಲವಂಗ ಆದರೆ ಒಂದೇ ಒಂದು, ಕಚ್ಚದೆ ದವಡೆಯಲ್ಲಿ ಇಟ್ಟುಕೊಳ್ಳಿ. ಊಟ ಆದ ತಕ್ಷಣ ಸೇದುವ ಅಭ್ಯಾಸ ಇದ್ದವರಿಗೆ ಉಪ್ಪು ಹಾಕಿ ಒಣಗಿಸಿದ ಬೆಟ್ಟದ ನೆಲ್ಲಿಕಾಯಿ. ಚೀಪುತ್ತಾ ನಾಲ್ಕು ಹೆಜ್ಜೆ ಬಿರುಸಾಗಿ ನಡೆದು ಬನ್ನಿ. ಈ ಔಷಧಿಗಳಲ್ಲಿ ಗಟ್ಟಿಯಾದದ್ದು ಆ ನಡಿಗೆಯೇ, ಅದನ್ನು ನಾನು ಮಾರೋಕಾಗಲ್ಲ ಅಷ್ಟೇ!

ಬೀಡಿ ಬಿಟ್ಟು ಅಡಿಕೆ ಹಿಡಿಯಬೇಡಿ. ಮಲೆನಾಡಿನಲ್ಲಿ ಕೂತು ಹೀಗೆ ಹೇಳಿದರೆ ಬೈಸಿಕೊಳ್ಳಬೇಕು. ಆದರೆ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಇನ್ನು ಕಾಫಿ. ಹೊಗೆಯಲ್ಲಿರುವ ಟಾರ್‌ನಿಂದಾಗಿ ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತಾಗ ಆ ಓಟವೂ ನಿಲ್ಲುತ್ತದೆ, ಅದೇ ಲೋಟದ ಕಾಫಿ ಹೆಚ್ಚುಕಮ್ಮಿ ಎರಡರಷ್ಟು ಹೊಡೆಯುತ್ತದೆ. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆ ಇಲ್ಲ. 'ಸಿಗರೇಟು ಬಿಟ್ಟಿದ್ದು ನನಗೆ ಆಗಿಬರಲಿಲ್ಲ' ಅಂತ ಮತ್ತೆ ಹಚ್ಚುತ್ತಾರೆ. ಬಿಟ್ಟ ದಿನದಿಂದಲೇ ಕಾಫಿ ಅರ್ಧ ಮಾಡಿ. ಮೊದಲ ಎರಡು ಮೂರು ದಿನ ಹೇಗೂ ಕಷ್ಟ ಜಾಸ್ತಿ, ಸಿಡುಕು ಎರಡರಿಂದ ನಾಲ್ಕು ವಾರ ಇರುತ್ತದೆ.

ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಅನ್ನುವವರಿಗೆ ಸೋಂಪು, ಲವಂಗ ಸಾಲುವುದಿಲ್ಲ. ಅವರನ್ನು ಮೆಡಿಕಲ್ ಶಾಪಿಗೆ ಕಳಿಸುತ್ತೇನೆ, ನಿಕೋಟಿನ್ ಗಮ್ ತಗೊಳ್ಳಲಿ ಅಂತ. ಅದನ್ನು ಚೂಯಿಂಗ್ ಗಮ್ ಥರ ಸುಮ್ನೆ ಅಗಿಯುವುದಲ್ಲ. ಬಾಯಿ ಚುರುಗುಟ್ಟುವವರೆಗೆ ಅಗಿದು ಕೆನ್ನೆಯ ಪಕ್ಕ ಒತ್ತಿ ಇಡಬೇಕು, ಚುರುಚುರು ಕಡಿಮೆಯಾದ ಮೇಲೆ ಮತ್ತೆ ಅಗಿಯಬೇಕು. ಕಾಲು ಗಂಟೆ ಮೊದಲಿನಿಂದಲೇ ಕಾಫಿ ಬೇಡ, ನನ್ನ ನೆಲ್ಲಿಕಾಯಿಯೂ ಬೇಡ. ಬಾಯಲ್ಲಿ ಹುಳಿ ಇದ್ದರೆ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು.

1800-11-2356ಕ್ಕೆ ಫೋನ್ ಮಾಡಿದರೆ ಬಿಡುವುದು ಹೇಗೆ ಅಂತ ಪುಕ್ಕಟೆ ಹೇಳಿಕೊಡುತ್ತಾರೆ, ಕನ್ನಡದಲ್ಲೂ. ನಂಬರು ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ಬಿಡಿಯಾಗಿ ಒಂದೊಂದೇ ಕೊಳ್ಳುವವರ ಕಣ್ಣಿಗೆ ಅದು ಬಿದ್ದಿರುವುದಿಲ್ಲ, ಅಲ್ವಾ?