ಕರಾವಳಿಯ ಮನೆಬಾಗಿಲಿಗೆ ಕಳ್ಳರಿಗೆ ಜಗ್ಗದ ಬೀಗ: ವಿನ್ಯಾಸ ಮಾಡುವ ಕ್ರಮ

ಮನೆಬಾಗಿಲಿಗೆ ಬೀಗವನ್ನು ವಿನ್ಯಾಸ ಮಾಡಹೊರಟವರು ಕಳ್ಳನು ಬಾಗಿಲಿನ ಯಾವ ಭಾಗದ ಮೇಲೆ ಕೈಮಾಡುತ್ತಾನೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕು. ತೆಳುವಾದ ಸಲಾಕೆ ಹಾಕಿ ಸದ್ದಿಲ್ಲದೆ ಬೀಗ ತೆರೆಯುವುದಕ್ಕೆ ಅಭ್ಯಾಸ ಬೇಕು, ಸಮಯ ಬೇಕು. ಹಾರೆ, ದಪ್ಪ ಸ್ಕ್ರೂಡ್ರೈವರ್, ಹ್ಯಾಕ್ಸಾ ಬ್ಲೇಡು ಮತ್ತು ಕಾಲಿನ ಒದೆತಕ್ಕೆ ಇವೆರಡೂ ಅಷ್ಟಾಗಿ ಬೇಕಿಲ್ಲ. ಆದ್ದರಿಂದ ಬೀಗದೊಳಗಿನ ಯಂತ್ರದ ಜಾಣ್ಮೆಗೆ ಕೊಡುವ ಗಮನಕ್ಕಿಂತ ಹೆಚ್ಚಿನ ಗಮನವನ್ನು ಬೀಗದ ನಾಲಿಗೆ ಹೋಗಿ ಕೂರುವ ಜಾಗಕ್ಕೆ, ಅಂದರೆ ದಾರಂದಕ್ಕೆ (ಬಾಗಿಲಿನ ಚೌಕಟ್ಟಿಗೆ) ಮತ್ತು ಅದರ ಹಿಂದಿನ ಗೋಡೆಗೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ ಕನ್ನಡದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇದ್ದು, ಹಿರಿಯರು ಆಗಾಗ ಅಲ್ಲಿಗೆ ಹೋಗಿ ಬರುವುದರಿಂದ ಕುಮಟಾ, ಹೊನ್ನಾವರ, ಅಂಕೋಲೆಯ ಎಷ್ಟೋ ಮನೆಗಳು ವಾರಗಟ್ಟಲೆ ಮುಚ್ಚಿರುತ್ತವೆ. ಶಿರಸಿಯ ಕಡೆ ತೋಟದ ಮನೆಗಳು ಒಂದಕ್ಕೊಂದು ದೂರವಿದ್ದು, ಮಾರಿಕಾಂಬೆಯ ಜಾತ್ರೆಗೋ ರಾತ್ರಿಯ ಯಕ್ಷಗಾನದ ಆಟಕ್ಕೋ ಮನೆಮಂದಿಯೆಲ್ಲ ಹೊರಟರೆ ಸದ್ದು ಕೇಳುವವರೇ ಇರುವುದಿಲ್ಲ. ಅಟ್ಟದ ಮೇಲೆ ಮಾತ್ರ ಚಾಲಿ ಅಡಿಕೆಯ ಚೀಲಗಳಿರುತ್ತವೆ. ಇಂಥ ಮನೆಯ ಹೊರಚಿಲಕಕ್ಕೆ ತೂಗುಬೀಗ ಹಾಕುವುದೆಂದರೆ ಒಳಗೆ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ತಿಳಿಸಿದಂತೆ. ಅದೂ ಅಲ್ಲದೆ, ತೂಗುಬೀಗ ಎಷ್ಟೇ ಭಾರವಾಗಿರಲಿ, ಚಿಲಕದ ಕೊಂಡಿ ಎರಡು ಸಣ್ಣ ತಿರುಪುಗಳ ಮೇಲೆ ನಿಂತಿದ್ದರೆ ಹಾರೆ ತಾಗುವುದು ಆ ಕೊಂಡಿಗೇ. ನಾವು ರೂಪಿಸಬೇಕಾದದ್ದು ಒಳಗಿನಿಂದ ಜೋಡಿಸುವ, ಹೊರಗಿನಿಂದ ಕೀಲಿಕಿಂಡಿಯಷ್ಟೇ ಕಾಣುವ ಬೀಗ.

ಬಲದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ವಿನ್ಯಾಸದ ದಾರಿ ಸ್ಪಷ್ಟವಾಗುತ್ತದೆ. 20 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ನಾಲಿಗೆಯ ಅಡ್ಡಕೊಯ್ತ 240 ಚದರ ಮಿ.ಮೀ. ಅಂಥ ಉಕ್ಕು ಕತ್ತರಿ ಬಲದಲ್ಲಿ ಮಣಿಯಲು ಚದರ ಮಿ.ಮೀ.ಗೆ ಸುಮಾರು 145 ನ್ಯೂಟನ್ ಬೇಕಾಗುವುದರಿಂದ, ನಾಲಿಗೆ ಮಣಿಯಬೇಕಾದರೆ ಸುಮಾರು ಮೂರೂವರೆ ಟನ್ ಭಾರಕ್ಕೆ ಸಮನಾದ ಬಲ ಬೇಕು. ಮನುಷ್ಯನ ಒದೆತ ಅದರ ಹತ್ತಿರಕ್ಕೂ ಬರುವುದಿಲ್ಲ. ಹೀಗಿದ್ದೂ ಬಾಗಿಲು ಒದ್ದರೆ ತೆರೆದುಕೊಳ್ಳುವುದು ಏಕೆಂದರೆ, ನಾಲಿಗೆ ಕೂರುವ ತೂತಿಗೂ ದಾರಂದದ ಅಂಚಿಗೂ ನಡುವೆ ಉಳಿದಿರುವ ಮರ ಬೆರಳಿನಷ್ಟು ದಪ್ಪವಿರುತ್ತದೆ ಮತ್ತು ಆ ಮರ ಎಳೆಗುಂಟ ಸೀಳಿಹೋಗುತ್ತದೆ. ನಾಲಿಗೆಯನ್ನು ಇನ್ನೂ ದಪ್ಪ ಮಾಡುವುದರಿಂದ ಇಲ್ಲಿ ಯಾವ ಲಾಭವೂ ಇಲ್ಲ.

ನಮ್ಮ ಹಳೆಯ ಮನೆಗಳ ಅಗಳಿಯನ್ನು ಒಮ್ಮೆ ಗಮನಿಸಬೇಕು. ಕದದ ಹಿಂದೆ ಅಡ್ಡಲಾಗಿ ಸರಿಯುವ ಆ ಮರದ ತೊಲೆಯ ತುದಿಗಳು ಗೋಡೆಯ ಗೂಡಿನೊಳಗೇ ಹೋಗುವುದರಿಂದ ಹೊರಗಿನ ತಳ್ಳುಬಲ ದಾರಂದವನ್ನು ದಾಟಿ ನೇರವಾಗಿ ಗೋಡೆಗೆ ಸೇರುತ್ತದೆ. ಅದನ್ನು ಹೊರಗಿನಿಂದ ಹಾಕಲು ಬರುವುದಿಲ್ಲ ಎಂಬುದೊಂದೇ ಕೊರತೆ. ಹೊಸ ಬೀಗದಲ್ಲಿ ನಾವು ಸಾಧಿಸಬೇಕಾದದ್ದೂ ಇದನ್ನೇ, ಬಲವನ್ನು ಗೋಡೆಗೆ ದಾಟಿಸುವುದನ್ನು. ಚಿರೇಕಲ್ಲಿನ ಗೋಡೆಯಲ್ಲಿ ಇದಕ್ಕೊಂದು ತೊಡಕಿದೆ: ಕಲ್ಲು ಮೆದುವಾಗಿದ್ದು ಪೊಳ್ಳುಗಳಿಂದ ತುಂಬಿರುವುದರಿಂದ ಪ್ಲಾಸ್ಟಿಕ್ ಗುಲ್ಲೆ ಹಾಕಿ ಬಿಗಿದ ತಿರುಪು ನಾಲ್ಕು ಸಲ ಅಲುಗಾಡಿದರೆ ಸಡಿಲಾಗುತ್ತದೆ. ಆದ್ದರಿಂದ ಬೀಗದ ಎತ್ತರದಲ್ಲಿ ದಾರಂದದ ಪಕ್ಕದ ಒಂದು ಕಲ್ಲಿನಷ್ಟು ಜಾಗವನ್ನು ಬಿಡಿಸಿ, ಅಲ್ಲಿ ಕಾಂಕ್ರೀಟು ತುಂಬಿ, ಕಾಂಕ್ರೀಟಿನೊಳಗೆ 10 ಮಿ.ಮೀ. ದಪ್ಪದ ಎರಡು ಆಂಕರ್ ಬೋಲ್ಟುಗಳನ್ನು ಮೊದಲೇ ಹೂತಿಡಬೇಕು. ಹೊಸ ಮನೆ ಕಟ್ಟುವವರು ಗೋಡೆ ಏಳುವಾಗಲೇ ಇದನ್ನು ಮಾಡಿಸಿದರೆ ಖರ್ಚು ನಗಣ್ಯ.

ಇನ್ನು ನಾಲಿಗೆಯನ್ನು ಹಿಡಿದುಕೊಳ್ಳುವ ಪೆಟ್ಟಿಗೆ. ಒಳಕ್ಕೆ ತೆರೆಯುವ ಬಾಗಿಲಿಗೆ ಒಳಮೈಯಲ್ಲಿ ಬೀಗ ಜೋಡಿಸಿದಾಗ ಹೊರಗಿನ ಪ್ರತಿಯೊಂದು ಒದೆತವೂ ಈ ಪೆಟ್ಟಿಗೆಯನ್ನು ದಾರಂದದಿಂದ ಒಳಕ್ಕೆ ಕೀಳಲು ನೋಡುತ್ತದೆ. ಪೆಟ್ಟಿಗೆ ಬರಿಯ ಚಪ್ಪಟೆ ತಳದ್ದಾದರೆ ತಿರುಪುಗಳು ನೇರವಾಗಿ ಹೊರಕ್ಕೆ ಎಳೆಯಲ್ಪಡುತ್ತವೆ, ಮರದ ತಿರುಪಿನ ದುರ್ಬಲ ದಿಕ್ಕು ಅದೇ. ಇದಕ್ಕೆ ಪರಿಹಾರವಾಗಿ ಪೆಟ್ಟಿಗೆಯನ್ನು 4 ಮಿ.ಮೀ. ದಪ್ಪದ ತಗಡಿನಲ್ಲಿ, ದಾರಂದದ ಮೂಲೆಯನ್ನು ಅಪ್ಪುವಂತೆ ಎರಡು ರೆಕ್ಕೆಗಳಿಟ್ಟು ಮಾಡಬೇಕು. ಒಂದು ರೆಕ್ಕೆ ದಾರಂದದ ಒಳಮುಖದ ಮೇಲೆ, ಇನ್ನೊಂದು ಕದದ ಅಂಚಿಗೆ ಎದುರಾದ ಮುಖದ ಮೇಲೆ ಕೂರುತ್ತದೆ. ಎರಡನೆಯ ರೆಕ್ಕೆಯ ತಿರುಪುಗಳ ಮೇಲೆ ಬೀಳುವುದು ಎಳೆತವಲ್ಲದ ಅಡ್ಡಬಲವಾದ್ದರಿಂದ ಅವು ಸುಲಭವಾಗಿ ಕಳಚುವುದಿಲ್ಲ. ಈ ರೆಕ್ಕೆಯ ಉದ್ದ 250 ರಿಂದ 300 ಮಿ.ಮೀ. ಇರಲಿ, ತಿರುಪುಗಳು 75 ಮಿ.ಮೀ.ಗಿಂತ ಗಿಡ್ಡವಾಗದಿರಲಿ, ಮತ್ತು ಮೇಲೆ ಹೇಳಿದ ಆಂಕರ್ ಬೋಲ್ಟುಗಳು ದಾರಂದವನ್ನು ಹಾದು ಈ ರೆಕ್ಕೆಯಲ್ಲೇ ನಟ್ಟಿನಿಂದ ಬಿಗಿಯಲ್ಪಡಲಿ.

ಕದದ ದಪ್ಪವನ್ನು ಕೊರೆದು ಒಳಗೆ ಹುದುಗಿಸುವ ಬೀಗ ನೋಡಲು ಚೆಂದವಾದರೂ 38 ಮಿ.ಮೀ. ದಪ್ಪದ ಹಲಸಿನ ಕದದಲ್ಲಿ ಅದಕ್ಕಾಗಿ 18 ಮಿ.ಮೀ. ಕೊರೆದರೆ ಎರಡೂ ಬದಿಯಲ್ಲಿ ಉಳಿಯುವ ಮರ ತಲಾ 10 ಮಿ.ಮೀ. ಮಾತ್ರ. ಅತಿ ಬಲವಾಗಿರಬೇಕಾದ ಜಾಗದಲ್ಲೇ ಕದವನ್ನು ಟೊಳ್ಳು ಮಾಡುವ ಈ ಕ್ರಮವನ್ನು ನಾನು ಹಳೆಯ ಬಾಗಿಲುಗಳಿಗೆ ಸೂಚಿಸುವುದಿಲ್ಲ. ಒಳಮೈಗೆ ಹೊಂದಿಸಿ, ಹೊರಗಡೆ ನುಣುಪಾದ ಗುಂಡುತಲೆಯಿರುವ ನಾಲ್ಕು ಬೋಲ್ಟುಗಳನ್ನು ಕದದ ಆರಪಾರ ಹಾಯಿಸಿ ಒಳಗೆ ನಟ್ಟು ಬಿಗಿದರೆ ಕದ ಇಡಿಯಾಗಿ ಉಳಿಯುತ್ತದೆ.

ನಾಲಿಗೆ ಕನಿಷ್ಠ 25 ಮಿ.ಮೀ. ಹೊರಚಾಚಬೇಕು. ಬ್ರಿಟನ್ನಿನ ಬಿಎಸ್ 3621 ಮಾನಕ 20 ಮಿ.ಮೀ. ಸಾಕೆನ್ನುತ್ತದೆ, ಆದರೆ ನಮ್ಮಲ್ಲಿ ಬೇಸಿಗೆಯಲ್ಲಿ ಕದ ಒಣಗಿ ಸಂದು ದೊಡ್ಡದಾಗುವುದರಿಂದ ಆ ಐದು ಮಿ.ಮೀ. ಹೆಚ್ಚುವರಿ ಬೇಕೇ ಬೇಕು. ಹೊರಬಂದಷ್ಟೇ ಉದ್ದ ಬೀಗದ ಒಡಲಿನಲ್ಲೂ ಉಳಿದಿರಬೇಕು, ಇಲ್ಲವಾದರೆ ಮೀಟಿದಾಗ ನಾಲಿಗೆ ಓರೆಯಾಗಿ ಒಡಲನ್ನೇ ಬಿರಿಸುತ್ತದೆ. ಸಂದಿನಲ್ಲಿ ಬ್ಲೇಡು ತೂರಿಸಿ ಕೊಯ್ಯುವವನನ್ನು ತಡೆಯಲು ನಾಲಿಗೆಯ ಉದ್ದಕ್ಕೆ ಎರಡು ತೂತು ಕೊರೆದು, ಅವುಗಳಲ್ಲಿ 5 ಮಿ.ಮೀ.ಯ ಹದಗೊಳಿಸಿದ ಉಕ್ಕಿನ ಸರಳುಗಳನ್ನು ಸಡಿಲವಾಗಿ ಇಡಬೇಕು. ಬ್ಲೇಡು ತಾಗಿದೊಡನೆ ಸರಳು ಇದ್ದಲ್ಲೇ ಉರುಳುತ್ತದೆ. ಹಲ್ಲುಗಳಿಗೆ ಕಚ್ಚಲು ಆಧಾರವೇ ಸಿಗುವುದಿಲ್ಲ. ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳುವ ಓರೆ ನಾಲಿಗೆಯನ್ನು ಮಾತ್ರ ಎಂದೂ ನೆಚ್ಚಬಾರದು, ಗಟ್ಟಿ ಪ್ಲಾಸ್ಟಿಕ್ ಚೂರೊಂದು ಸಂದಿನಲ್ಲಿ ಹೋದರೆ ಅದು ಹಿಂದೆ ಸರಿಯುತ್ತದೆ.

ಎರಡು ಪಡಿಯ ತಲೆಬಾಗಿಲಿಗೆ ಬೇರೆಯೇ ಯೋಚನೆ ಬೇಕು. ಅಲ್ಲಿ ನಾಲಿಗೆ ದಾರಂದಕ್ಕೆ ಹೋಗದೆ ಇನ್ನೊಂದು ಪಡಿಗೆ ಹೋಗುತ್ತದೆ, ಆ ಪಡಿಯೋ ಮೇಲೊಂದು ಕೆಳಗೊಂದು ಸಣ್ಣ ಚಿಲಕದಲ್ಲಿ ನಿಂತಿರುತ್ತದೆ. ಒಂದೇ ಕೀಲಿಯಿಂದ ನಡುವಿನ ನಾಲಿಗೆಯೂ ಮೇಲಿನ ಅಡ್ಡಪಟ್ಟಿಗೆ ಹೋಗುವ ಉದ್ದನೆಯ ಸರಳೂ ಒಟ್ಟಿಗೆ ಚಲಿಸುವಂತೆ ಮಾಡುವುದು ಒಳ್ಳೆಯದು. ಕೆಳಗೆ ಹೊಸ್ತಿಲಿಗೂ ಒಂದು ಸರಳು ಇಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಹೊಸ್ತಿಲಿನ ತೂತಿನಲ್ಲಿ ಕಾರವಾರದ ಕಡೆ ಮರಳು, ಶಿರಸಿಯ ಕಡೆ ಕೆಸರು ತುಂಬಿಕೊಂಡು ಸರಳು ಅರ್ಧಕ್ಕೇ ನಿಲ್ಲುತ್ತದೆ, ಅದರೊಡನೆ ಉಳಿದ ನಾಲಿಗೆಗಳೂ ನಿಲ್ಲುತ್ತವೆ. ಕೆಳಗಿನ ಸರಳು ಬೇಕೇ ಆದರೆ ಅದನ್ನು ಕೀಲಿಗೆ ಜೋಡಿಸದೆ ಸ್ಥಿರ ಪಡಿಯ ಒಳಬದಿಯಲ್ಲಿ ಪ್ರತ್ಯೇಕವಾಗಿಡಿ, ತೂತಿಗೆ ಹೊರಕ್ಕೆ ಇಳಿಜಾರಾದ ನೀರುಕಿಂಡಿ ಕೊಡಿ.

ಒಡಲಿನೊಳಗಿನ ಯಂತ್ರಕ್ಕೆ ಮುಖ್ಯವಾಗಿ ಎರಡು ಆಯ್ಕೆಗಳಿವೆ. ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಚಪ್ಪಟೆ ಕೀಲಿಯ ಪಿನ್ ಬೀಗ ಒಂದು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ರೂಪಿಸಿದ ಕ್ರಮದಿಂದ ಬೆಳೆದ ಲಿವರ್ ಬೀಗ ಇನ್ನೊಂದು. ಪಿನ್ ಬೀಗದ ಸ್ಪ್ರಿಂಗುಗಳು ಕೂದಲೆಳೆಯಷ್ಟು ಸಣ್ಣವು, ಪಿನ್ನುಗಳ ಸುತ್ತಲಿನ ತೆರವೂ ಅತ್ಯಲ್ಪ. ಉಪ್ಪುಗಾಳಿಯ ಜಿಡ್ಡು ಮತ್ತು ಧೂಳು ಸೇರಿದರೆ ಅವು ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಕಡಲಬದಿಯ ಮನೆಗೆ ನಾನು ಆರು ಲಿವರಿನ ಬೀಗವನ್ನೇ ಆರಿಸುತ್ತೇನೆ. ಇದರಲ್ಲಿ ತೆಳ್ಳಗಿನ ಹಿತ್ತಾಳೆಯ ಪಟ್ಟಿಗಳು ಒಂದರ ಮೇಲೊಂದಿದ್ದು, ಪ್ರತಿಯೊಂದರಲ್ಲೂ ಒಂದು ಸೀಳುಗಿಂಡಿ ಇರುತ್ತದೆ. ಕೀಲಿಯ ಹಲ್ಲು ಆರೂ ಪಟ್ಟಿಗಳನ್ನು ಸರಿಯಾದ ಎತ್ತರಕ್ಕೆ ಎತ್ತಿ ಕಿಂಡಿಗಳು ಒಂದೇ ಸಾಲಿಗೆ ಬಂದಾಗ ಮಾತ್ರ ನಾಲಿಗೆಯ ಮೇಲಿನ ಗೂಟ ಅವುಗಳ ನಡುವೆ ಹಾಯುತ್ತದೆ; ಒಂದು ಪಟ್ಟಿ ಕಡಿಮೆ ಎದ್ದರೂ ಹೆಚ್ಚು ಎದ್ದರೂ ಗೂಟ ನಿಲ್ಲುತ್ತದೆ. ಒಂದೊಂದು ಪಟ್ಟಿಗೆ ಏಳು ಎತ್ತರಗಳನ್ನು ಇಟ್ಟುಕೊಂಡರೆ ಲೆಕ್ಕಕ್ಕೆ 1,17,649 ಬಗೆಯ ಕೀಲಿಗಳು ಸಾಧ್ಯ. ಎಲ್ಲ ಹಲ್ಲುಗಳೂ ಒಂದೇ ಎತ್ತರವಿರುವಂಥವನ್ನು ಬಿಟ್ಟರೂ ಬೇಕಾದಷ್ಟು ಉಳಿಯುತ್ತವೆ.

ಸಲಾಕೆ ಹಾಕುವವನು ನಾಲಿಗೆಯ ಮೇಲೆ ಸ್ವಲ್ಪ ಒತ್ತಡವಿಟ್ಟು, ಯಾವ ಪಟ್ಟಿ ಬಿಗಿಯುತ್ತದೆ ಎಂಬುದನ್ನು ಕೈಯಿಂದಲೇ ಗ್ರಹಿಸುತ್ತಾನೆ. ಇದನ್ನು ಕೆಡಿಸಲು ಪಟ್ಟಿಗಳ ಅಂಚಿನಲ್ಲಿ ನಿಜವಾದ ಕಿಂಡಿಯ ಅಕ್ಕಪಕ್ಕ ಅರ್ಧ ಮಿ.ಮೀ. ಆಳದ ಸುಳ್ಳುಗಿಂಡಿಗಳನ್ನೂ, ಗೂಟದ ಮುಖದಲ್ಲಿ ಅದಕ್ಕೆ ಹೊಂದುವ ಹಲ್ಲುಗಳನ್ನೂ ಕೊರೆಯಬೇಕು. ಒತ್ತಡ ಬಿದ್ದೊಡನೆ ಹಲ್ಲು ಸುಳ್ಳುಗಿಂಡಿಯಲ್ಲಿ ಕಚ್ಚಿ ಪಟ್ಟಿ ಅಲ್ಲೇ ಸಿಕ್ಕಿಬೀಳುತ್ತದೆ. ಗೂಟವಿರುವ ಜಾಗವನ್ನು ಹೊರಗಿನಿಂದ ಡ್ರಿಲ್ ಮಾಡದಂತೆ ಬೀಗದ ಒಡಲಿಗೂ ಕದಕ್ಕೂ ನಡುವೆ 3 ಮಿ.ಮೀ. ದಪ್ಪದ ಹದಗೊಳಿಸಿದ ಉಕ್ಕಿನ ತಗಡು ಬೇಕು. ವಿನ್ಯಾಸ ಗುಟ್ಟಾಗಿರುವುದೇ ರಕ್ಷಣೆ ಎಂದು ಮಾತ್ರ ಭಾವಿಸಬಾರದು. ಲಂಡನ್ನಿನ ಬೀಗ ತಯಾರಕರಾದ ಬ್ರಾಮಾ ಅವರ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಸವಾಲಿಗಿಟ್ಟಿದ್ದ ಬೀಗವನ್ನು ಅಮೆರಿಕದ ಬೀಗತಜ್ಞ ಎ. ಸಿ. ಹಾಬ್ಸ್ 1851ರಲ್ಲಿ ತೆರೆದು ತೋರಿಸಿದ. ಆದರೆ ಅದಕ್ಕೆ ಅವನಿಗೆ 50 ಗಂಟೆಗೂ ಹೆಚ್ಚು ಕೆಲಸ ಹಿಡಿಯಿತು. ತೆರೆಯಲಾಗದ ಬೀಗವನ್ನು ಮಾಡುವ ಹಟಕ್ಕಿಂತ, ಕಳ್ಳನಿಗೆ ಸಿಗುವ ಅವಧಿಯೊಳಗೆ ತೆರೆಯಲಾಗದ ಬೀಗವನ್ನು ಮಾಡುವ ಗುರಿ ವಾಸ್ತವವಾದದ್ದು.

ಲೋಹಗಳ ಆಯ್ಕೆಯಲ್ಲಿ ಕಾರವಾರಕ್ಕೂ ಶಿರಸಿಗೂ ವ್ಯತ್ಯಾಸವಿದೆ. ಕಡಲಿನ ಹತ್ತಿರ ಹಿತ್ತಾಳೆಗೆ ತಾಗಿಕೊಂಡಿರುವ ಸಾದಾ ಉಕ್ಕು ಉಪ್ಪುತೇವ ಸಿಕ್ಕೊಡನೆ ತಾನು ಕರಗಿ ಹಿತ್ತಾಳೆಯನ್ನು ಉಳಿಸುತ್ತದೆ. ಹೀಗಾಗಿ ಹಿತ್ತಾಳೆಯ ಒಡಲಿಗೆ ಕಬ್ಬಿಣದ ತಿರುಪು ಹಾಕಿದರೆ ಮೊದಲು ಸಾಯುವುದು ತಿರುಪು. ಸ್ಟೇನ್‌ಲೆಸ್ ಉಕ್ಕಿನಲ್ಲೂ 304 ದರ್ಜೆಯದು ಕಡಲಗಾಳಿಗೆ ಕಂದು ಕಲೆ ಹಿಡಿಯುತ್ತದೆ. ಮಾಲಿಬ್ಡಿನಮ್ ಬೆರೆತ 316 ದರ್ಜೆಯದು ಹೆಚ್ಚು ತಾಳುತ್ತದೆ. ನಾಲಿಗೆ, ಪೆಟ್ಟಿಗೆ, ತಿರುಪುಗಳು 316ರಲ್ಲಿ, ಲಿವರುಗಳು ಹಿತ್ತಾಳೆಯಲ್ಲಿ, ಅವುಗಳ ಸ್ಪ್ರಿಂಗುಗಳು ಫಾಸ್ಫರ್ ಕಂಚಿನಲ್ಲಿ ಇರಲಿ. ಹದಗೊಳಿಸಿದ ಉಕ್ಕನ್ನು ಬಳಸುವಲ್ಲೆಲ್ಲ ಗ್ರೀಸ್ ಹಚ್ಚಿ ಮುಚ್ಚಿಡಬೇಕು. ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, 304 ಸಾಕು. ಅಲ್ಲಿ ಕಾಡುವುದು ತಿಂಗಳುಗಟ್ಟಲೆ ಬಿಡದ ಮಳೆಗೆ ಉಬ್ಬುವ ಮರ.

ಆಷಾಢದಲ್ಲಿ ಕದ ಉಬ್ಬಿ ದಾರಂದಕ್ಕೆ ತಾಗಿದಾಗ ನಾಲಿಗೆ ಪೂರ್ತಿ ಹೊರಬರುವುದಿಲ್ಲ, ಕೀಲಿ ಅರ್ಧಸುತ್ತಿಗೇ ನಿಲ್ಲುತ್ತದೆ, ಮನೆಯವರು ಅಷ್ಟಕ್ಕೇ ಬಿಟ್ಟು ಹೋಗುತ್ತಾರೆ. ಇದನ್ನು ತಪ್ಪಿಸಲು ಅಳತೆಯನ್ನು ಎರಡು ಕಾಲದಲ್ಲಿ, ಬಿರುಬೇಸಿಗೆಯಲ್ಲೊಮ್ಮೆ ನಡುಮಳೆಗಾಲದಲ್ಲೊಮ್ಮೆ ತೆಗೆದುಕೊಳ್ಳಬೇಕು. ಪೆಟ್ಟಿಗೆಯ ಬಾಯಿ ನಾಲಿಗೆಗಿಂತ ಮೇಲೆ ಕೆಳಗೆ ತಲಾ 3 ಮಿ.ಮೀ. ದೊಡ್ಡದಿರಲಿ, ಆಳ 30 ಮಿ.ಮೀ. ಇರಲಿ, ನಾಲಿಗೆಯ ತುದಿಯ ಅಂಚುಗಳನ್ನು ಉಜ್ಜಿ ಇಳಿಜಾರು ಮಾಡಿ. ನಾಲಿಗೆ ಪೂರ್ತಿ ಹೊರಬಂದ ಮೇಲಷ್ಟೇ ಕೀಲಿಯನ್ನು ಹೊರತೆಗೆಯಲು ಸಾಧ್ಯವಾಗುವಂತೆ ಕೀಲಿಕಿಂಡಿಯನ್ನು ರೂಪಿಸಿದರೆ ಅರ್ಧ ಹಾಕಿದ ಬೀಗದ ಪ್ರಶ್ನೆಯೇ ಏಳುವುದಿಲ್ಲ. ಈ ಒಂದು ಗುಣವನ್ನು ನಾನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ.

ಒಳಗಡೆಯಿಂದ ಬೀಗ ತೆರೆಯಲು ಕೀಲಿ ಬೇಕಾಗದೆ ಹಿಡಿಕೆಯಿಂದಲೇ ಸಾಧ್ಯವಾಗಬೇಕು. ಬೆಂಕಿ ಬಿದ್ದಾಗ ಕತ್ತಲಲ್ಲಿ ಕೀಲಿ ಹುಡುಕುವ ಸ್ಥಿತಿ ಮನೆಯವರಿಗೆ ಬರಬಾರದು. ಬಾಗಿಲ ಪಕ್ಕದಲ್ಲೇ ಗಾಜಿನ ಕಿಟಕಿಯಿದ್ದರೆ ಕೈ ತೂರಿಸಿದರೂ ಎಟುಕದಷ್ಟು ದೂರದಲ್ಲಿ ಆ ಹಿಡಿಕೆಯನ್ನಿಡಿ.

ಮಾಡಿದ ಬೀಗವನ್ನು ಪರೀಕ್ಷಿಸದೆ ತಲೆಬಾಗಿಲಿಗೆ ಹಾಕಬಾರದು. ಹಳೆಯ ಕದದ ತುಂಡೊಂದಕ್ಕೆ ದಾರಂದದ ಸಮೇತ ಜೋಡಿಸಿ, 30 ಕಿಲೋ ಮರಳಿನ ಚೀಲವನ್ನು ಹಗ್ಗದಲ್ಲಿ ತೂಗುಹಾಕಿ, ಅರ್ಧ ಮೀಟರ್ ಎತ್ತರಕ್ಕೆ ಎಳೆದು ಬಿಟ್ಟರೆ ಪ್ರತಿ ಹೊಡೆತಕ್ಕೂ ಸುಮಾರು 147 ಜೂಲ್ ಶಕ್ತಿ ಬೀಗದ ಮೇಲೆ ಬೀಳುತ್ತದೆ. ಹತ್ತಾರು ಹೊಡೆತಗಳಾದ ಮೇಲೆ ಪೆಟ್ಟಿಗೆಯ ತಿರುಪುಗಳ ಸುತ್ತ ಮರ ಬಿರುಕುಬಿಟ್ಟಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ತುಕ್ಕಿನ ಪರೀಕ್ಷೆಗೆ ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ನೆನೆಸಿದ ಬಟ್ಟೆಯನ್ನು ಬೀಗಕ್ಕೆ ಸುತ್ತಿ, ಒಣಗದಂತೆ ಎರಡು ವಾರ ಇಟ್ಟು, ಆಮೇಲೆ ಕೀಲಿ ಮೊದಲಿನಷ್ಟೇ ಹಗುರಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿ.

ಬಿಗಿಯಾದ ಬೀಗಕ್ಕೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ಅದು ಕೆಲವು ದಿನ ಚೆನ್ನಾಗಿ ಕೆಲಸ ಮಾಡಿ, ಬಳಿಕ ಧೂಳಿನೊಡನೆ ಸೇರಿ ಅಂಟಾಗುತ್ತದೆ. ಲಿವರುಗಳಿಗೆ ಗ್ರಾಫೈಟ್ ಪುಡಿ ಹಾಕಬೇಕು, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಹೊರಗಿನ ಕೀಲಿಕಿಂಡಿಗೆ ತನ್ನ ಭಾರದಿಂದಲೇ ಇಳಿದು ಮುಚ್ಚಿಕೊಳ್ಳುವ ಹಿತ್ತಾಳೆಯ ಮುಚ್ಚಳವಿದ್ದರೆ ಇರುಚಲು ಒಳಬರುವುದಿಲ್ಲ. ಬಡಗಿ, ಪೇಂಟರು, ವಯರಿಂಗಿನವರ ಕೆಲಸ ಮುಗಿದ ಮೇಲೆ ಲಿವರುಗಳ ಕ್ರಮವನ್ನು ಅದಲುಬದಲು ಮಾಡಿ ಹೊಸ ಕೀಲಿ ಕೊಯ್ಯಿಸುವುದು ಕ್ಷೇಮ, ಒಡಲಿನ ಮುಚ್ಚಳವನ್ನು ತಿರುಪಿನಲ್ಲಿ ಬಿಚ್ಚುವಂತೆ ಮಾಡಿದ್ದರೆ ಅದು ಅರ್ಧ ಗಂಟೆಯ ಕೆಲಸ. ತಲೆಬಾಗಿಲು ಮುಗಿದ ಮೇಲೆ ಇದೇ ಅಳತೆಯ ಇನ್ನೊಂದು ಬೀಗವನ್ನು ಬಚ್ಚಲಮನೆಯ ಕಡೆಯ ಹಿತ್ತಿಲಬಾಗಿಲಿಗೂ ಮಾಡಿಸಿ. ಅಲ್ಲಿನ ಕದ ಸಾಮಾನ್ಯವಾಗಿ ತೆಳು, ದಾರಂದ ಹಳೆಯದು, ತೋಟದ ಮರೆಯೂ ಇರುತ್ತದೆ.