ಪಿಕ್ ಅಪ್ ಅಂದರೆ ಬರೀ ಎತ್ತೋದಲ್ಲ

ಮೊದಲೇ ಹೇಳಿಬಿಡ್ತೀನಿ, ಬಾಯಿಪಾಠ ಮಾಡೋಕೆ ಹೋಗಬೇಡಿ. ಡಿಕ್ಷನರಿ ತೆಗೆದರೆ ‘ಪಿಕ್ ಅಪ್’ ಎದುರಿಗೆ ಹತ್ತಾರು ಅರ್ಥ ಸಾಲಾಗಿ ನಿಂತಿರುತ್ತವೆ. ಏಳನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತದೆ. ಅದರ ಬದಲು, ಅದರ ಹಿಂದೆ ಮುಂದೆ ಯಾವ ಪದ ಇದೆ ಅಂತ ನೋಡಿ. ಅರ್ಧ ಅರ್ಥ ಅಲ್ಲೇ ಸಿಗುತ್ತದೆ.

ನಮಗೆ ಇದೇನೂ ಹೊಸದಲ್ಲ. ನಮ್ಮ ‘ಎತ್ತು’ ನೋಡಿ. ಮಗುವನ್ನು ಎತ್ತುತ್ತೇವೆ, ಫೋನ್ ಎತ್ತುತ್ತೇವೆ, ಮಾತು ಎತ್ತುತ್ತೇವೆ, ದನಿ ಎತ್ತುತ್ತೇವೆ, ಸಾಲವನ್ನೂ ಎತ್ತುತ್ತೇವೆ. ಇದನ್ನೆಲ್ಲ ಯಾರೂ ಕೂತು ಕಲಿಸಲಿಲ್ಲ, ಕೇಳ್ತಾ ಕೇಳ್ತಾ ಬಂತು. ಹಾಗೆ ಬರೋದಕ್ಕೂ ಇಂಗ್ಲಿಷಿನಲ್ಲಿ ಪಿಕ್ ಅಪ್ ಅಂತಲೇ ಹೇಳುತ್ತಾರೆ. ‘ಷಿ ಪಿಕ್ಡ್ ಅಪ್ ಕನ್ನಡ ಫ್ರಮ್ ಹರ್ ಫ್ರೆಂಡ್ಸ್’ ಅಂದರೆ ಗೆಳತಿಯರ ಜೊತೆ ಇದ್ದು ಕನ್ನಡ ಕಲಿತುಕೊಂಡಳು. ಮೂರು ವರ್ಷ ಕ್ಲಾಸಿಗೆ ಹೋಗಿ, ಪರೀಕ್ಷೆ ಬರೆದು ಕಲಿತಿದ್ದರೆ ಆ ಪದ ಅಷ್ಟು ಹೊಂದಲ್ಲ, ಅಲ್ಲಿ ‘ಲರ್ನ್’ ಸಾಕು.

ಈಗ ಒಂದು ಕಿವಿಮಾತು. ನಮ್ಮ ಕ್ರಿಯಾಪದದ ಬಾಲಕ್ಕೆ ಬರುವ ‘ಕೊಳ್ಳು’ ಇದೆಯಲ್ಲ, ಪಿಕ್ ಅಪ್‌ನ ಮುಕ್ಕಾಲು ಅರ್ಥ ಅದರಲ್ಲೇ ಕೂರುತ್ತದೆ. ಬ್ಯಾಗ್ ಆದರೆ ಎತ್ತಿಕೊ. ಭಾಷೆ ಆದರೆ ಕಲಿತುಕೊ. ಹಾಲು, ಬ್ರೆಡ್ ಆದರೆ ಬರ್ತಾ ದಾರಿಯಲ್ಲಿ ತೆಗೆದುಕೊ. ನೆಗಡಿ ಆದರೆ ಅಂಟಿಸಿಕೊ. ಬಸ್ಸಿಳಿದ ಸ್ನೇಹಿತ ಆದರೆ ಗಾಡಿಯಲ್ಲಿ ಹತ್ತಿಸಿಕೊ. ಹೊರಗಿದ್ದ ಏನೋ ಒಂದು ನಮ್ಮ ಕಡೆಗೆ ಬಂತು, ಅಷ್ಟೇ. ರೇಡಿಯೋ ಸಿಗ್ನಲ್ ಪಿಕ್ ಅಪ್ ಮಾಡೋದೂ ಇದೇ ಲೆಕ್ಕ, ಗಾಳಿಯಲ್ಲಿರೋದನ್ನು ಹಿಡಿದುಕೊಳ್ಳುತ್ತದೆ. ಮನುಷ್ಯರ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು: ಪಾರ್ಟಿಯಲ್ಲಿ ಅಪರಿಚಿತರನ್ನು ಪಿಕ್ ಅಪ್ ಮಾಡಿದ ಅಂದರೆ ಡ್ರಾಪ್ ಕೊಟ್ಟ ಅಂತಲ್ಲ, ಮಾತಾಡಿಸಿ ಪಟಾಯಿಸಿದ ಅಂತ.

ಉಳಿದ ಕಾಲು ಭಾಗದಲ್ಲಿ ‘ಏನನ್ನು’ ಅಂತ ಕೇಳಿದರೆ ಉತ್ತರವೇ ಇರುವುದಿಲ್ಲ. ‘ದ ವಿಂಡ್ ಪಿಕ್ಡ್ ಅಪ್’ ಅಂದರೆ ಗಾಳಿ ಜೋರಾಯಿತು. ‘ಬಿಸಿನೆಸ್ ಈಸ್ ಪಿಕಿಂಗ್ ಅಪ್’ ಅಂದರೆ ಮಂಕಾಗಿದ್ದ ವ್ಯಾಪಾರ ಚೇತರಿಸಿಕೊಳ್ಳುತ್ತಿದೆ. ಗಾಡಿಗೆ ಪಿಕಪ್ ಇಲ್ಲ ಅಂತೀವಲ್ಲ, ಅದೂ ಈ ಮನೆಯದೇ. ಆದರೆ ‘ನೋಬಡಿ ಪಿಕ್ಡ್ ಅಪ್’ ಅಂತ ಬಂದರೆ ಫೋನ್ ವಿಷಯ. ಯಾರೂ ಎತ್ತಲಿಲ್ಲ.

ಬಿಲ್ ಪಿಕ್ ಅಪ್ ಮಾಡೋದು ಅಂದರೆ ಟೇಬಲ್ ಮೇಲಿನ ಚೀಟಿ ಎತ್ತೋದಲ್ಲ, ಎಲ್ಲರ ದುಡ್ಡೂ ಒಬ್ಬರೇ ಕೊಡೋದು. ‘ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್’ ಅಂದರೆ ನಿಂತ ಜಾಗದಿಂದ ಮುಂದುವರಿಸೋದು. ಕೊನೆಗೆ ‘ಆನ್’ ಸೇರಿ ‘ಪಿಕ್ ಅಪ್ ಆನ್’ ಆದರೆ, ಬಾಯಿಬಿಟ್ಟು ಹೇಳದ್ದನ್ನು ಸೂಕ್ಷ್ಮವಾಗಿ ಗಮನಿಸೋದು. ಜಗಳಕ್ಕೆ ಮಾತ್ರ ಅಪ್ ಬೇಡ. ಕಾಲು ಕೆರೆದು ಜಗಳ ತೆಗೆಯೋದು ‘ಪಿಕ್ ಎ ಫೈಟ್’. ನಮ್ಮಲ್ಲಿ ತುಂಬ ಜನ ಸುಮ್ನೆ ಒಂದು ಅಪ್ ತುರುಕುತ್ತಾರೆ.

ಈಗ ಜಾಸ್ತಿ ಎಡವುವ ಜಾಗಕ್ಕೆ ಬರೋಣ. ನಾನೂ ಎಡವಿದ್ದೆ. ‘ಐ ವಿಲ್ ಪಿಕ್ ಅಪ್ ಯು ಅಟ್ ಸಿಕ್ಸ್’ ಅಂತ ಎಷ್ಟು ವರ್ಷ ಬರೆದೆನೋ, ಎಲ್ಲರಿಗೂ ಅರ್ಥವಾಗುತ್ತಿದ್ದರಿಂದ ಯಾರೂ ತಿದ್ದಲಿಲ್ಲ. ಬ್ಯಾಗ್, ಫೋನ್ ಥರದ ನಾಮಪದ ಇದ್ದರೆ ಎರಡೂ ನಡೆಯುತ್ತದೆ: ‘ಪಿಕ್ ಅಪ್ ದ ಬ್ಯಾಗ್’, ‘ಪಿಕ್ ದ ಬ್ಯಾಗ್ ಅಪ್’. ಇಟ್, ಹಿಮ್, ಹರ್, ಯು, ದೆಮ್ ಬಂದರೆ ಮಾತ್ರ ನಡುವೆಯೇ ಕೂರಿಸಬೇಕು. ‘ಪಿಕ್ ಇಟ್ ಅಪ್’, ‘ಪಿಕ್ ಯು ಅಪ್’. ಇದಕ್ಕೆ ವಿನಾಯಿತಿ ಇಲ್ಲ. ‘ಪಿಕ್ ಅಪ್ ಆನ್’ ಆದರೆ ಅದನ್ನು ಒಡೆಯೋ ಹಾಗಿಲ್ಲ, ‘ಪಿಕ್ ಅಪ್ ಆನ್ ಇಟ್’ ಅಂತಲೇ ಹೇಳಬೇಕು.

ಬರೆಯುವಾಗ ಕ್ರಿಯಾಪದ ಆದರೆ ಎರಡು ಪದ, ನಾಮಪದ ಆದರೆ ಕೂಡಿಸಿ ಒಂದೇ ಪದ. ಸಾಮಾನು ಹೊರುವ ಪಿಕಪ್ ಗಾಡಿ, ಗಿಟಾರಿನ ತಂತಿಯ ಅದುರುವಿಕೆಯನ್ನು ಕರೆಂಟಿನ ಸಿಗ್ನಲ್ ಮಾಡುವ ಪಿಕಪ್, ಎರಡೂ ಒಂದೇ ಪದ. ಇವುಗಳಲ್ಲಿ ಒತ್ತು ‘ಪಿಕ್’ ಮೇಲೆ ಬೀಳುತ್ತದೆ. ಭೂತಕಾಲದ ‘ಡ್’ ಕೂಡ ಪಿಕ್‌ಗೇ ಅಂಟಬೇಕು. ‘ಪಿಕಪ್ಡ್’ ಅನ್ನೋ ಪದ ಇಲ್ಲವೇ ಇಲ್ಲ. ಅಂದಹಾಗೆ ಬರವಣಿಗೆಯಲ್ಲಿ ‘ಪಿಕ್ಡ್’ ಅಂತಿದ್ದರೂ ಬಾಯಲ್ಲಿ ಅದು ‘ಪಿಕ್ಟ್’, ಬೇಗ ಹೇಳಿದಾಗ ಮುಂದಿನ ಪದಕ್ಕೆ ಸೇರಿ ಕಿವಿಗೆ ‘ಪಿಕ್ ಟಪ್’ ಅಂತ ಬೀಳುತ್ತದೆ. ಸಿನಿಮಾ ನೋಡುವಾಗ ಈ ‘ಟಪ್’ ಯಾವುದಪ್ಪಾ ಅಂತ ತಲೆ ಕೆಡಿಸಿಕೊಂಡಿದ್ದರೆ, ಇದೇ ಅದು.